ಹದ್ದುಗಣ್ಣಿಯನ್ನು ಸಮ ಮಾಡಿದ್ದು

ಮನೆ, ಕಿಟಕಿ ಪಕ್ಕದ ಕುರ್ಚಿ
ಬುಧವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಚಿಕ್ಕೀ,

ಹೇಗಿದ್ದೀಯ? ಫೋನೂ ಸಿಗದ ಆ ನಡುಗಡ್ಡೆಯ ಗಾಳಿಗೆ ನಿನ್ನ ಕಿವಿನೋವು ಮತ್ತೆ ಶುರುವಾಗಿಲ್ಲ ತಾನೆ? ನಿಮ್ಮಮ್ಮ ಹೆಣೆದು ಕಳಿಸಿದ ಟೋಪಿ ಹಾಕ್ಕೋತಿದ್ದೀಯೋ, ಇಲ್ಲ ಗಾಳಿ ಅಳೆಯೋ ಯಂತ್ರದ ತಲೆಗೆ ತೊಡಿಸಿ ಮಜಾ ನೋಡ್ತಿದ್ದೀಯೋ? ಎರಡನೆಯದೇ ಇರಬೇಕು, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ. ಹೊತ್ತಿಗೆ ಸರಿಯಾಗಿ ತಿನ್ನು. ಡಬ್ಬಿ ಊಟ ಅಂತ ಮೂಗು ಮುರೀಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೀವಿ ಅಂತ ಬರೆದರೆ ನಿಮ್ಮಮ್ಮ ಓದಿ ನಗ್ತಾಳೆ, ಅದಕ್ಕೇ ನಿಜ ಬರೀತೀನಿ. ಅವಳು ಚೆನ್ನಾಗಿದ್ದಾಳೆ, ನಾನು ಕೂತಿದ್ದೀನಿ.

ನಿನ್ನ ಹೋದ ಕಾಗದ ಬಂತು. ಓದಿದೆ, ಮತ್ತೆ ಓದಿದೆ, ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮೋಡದ ಬಗ್ಗೆ ಇದೆ, ಮಳೆ ಅಳೆಯೋ ಡಬ್ಬಿ ಮೇಲೆ ಬಂದು ಕೂರೋ ಕಡಲಹಕ್ಕಿ ಬಗ್ಗೆ ಇದೆ, ನಿನಗೆ ಕೆಲಸ ಕಲಿಸೋ ಹಿರಿಯಕ್ಕ ಸೀನಿದರೆ ದೀಪ ಅಲ್ಲಾಡುತ್ತೆ ಅಂತ ಕೂಡ ಇದೆ. ಯಾವಾಗ ಬರ್ತೀಯ ಅನ್ನೋದು ಮಾತ್ರ ಇಲ್ಲ. ಹವಾಮಾನ ನೋಡೋ ಈ ತಾತ್ಕಾಲಿಕ ಕೆಲಸ ತಿಂಗಳ ಕೊನೆಗೆ ಮುಗಿಯುತ್ತೆ ಅಂತ ನೀನೇ ಹೇಳಿ ಹೋದವಳು. ಶಾಲೆ ಹೆಡ್‌ಮಾಸ್ಟರು ಬೀದಿಯಲ್ಲಿ ನಿಂತು ಕಿಟಕಿ ಕಡೆ ಕತ್ತೆತ್ತಿ, ಮಗಳು ಬಂದಳಾ ಅಂತ ಕೇಳಿಕೊಂಡು ಹೋಗ್ತಾರೆ. ರಜೆ ಮುಗಿಯೋದರೊಳಗೆ ಅವರ ಉದ್ದದ ಪಡಸಾಲೆಗೆ ಟೈಲ್ಸ್ ಆಗಬೇಕು. ನಾನು ಒಪ್ಪಿಕೊಂಡಿದ್ದೀನಿ. ಡಾಕ್ಟರು ನನಗೆ ಮಂಡಿ ಊರೋದನ್ನ ಈ ಜನ್ಮಕ್ಕೆ ಮರೆತುಬಿಡಿ ಅಂದಿರೋದರಿಂದ, ಒಪ್ಪಿಕೊಂಡದ್ದು ನಾನಾದರೂ ಮಂಡಿ ಊರಬೇಕಾದವಳು ನೀನು. ನಾನು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಬೈತಾ ಇರ್ತೀನಿ. ನಮ್ಮಿಬ್ಬರ ಲೆಕ್ಕಾಚಾರ ಹಾಗೇ ಇತ್ತಲ್ಲ?

ಆಪರೇಷನ್ ಆದ ಕಾಲು ಈಗ ಬಾಗುತ್ತೆ, ಆದರೆ ಹಳೇ ಬಾಗಿಲಿನ ಥರ ಸದ್ದು ಮಾಡಿಕೊಂಡು ಬಾಗುತ್ತೆ. ಅಡಿಗೆಮನೆವರೆಗೆ ಹೋಗಿ ಬರಬಹುದು, ಮೆಟ್ಟಿಲು ಇಳಿಯೋ ಹಾಗಿಲ್ಲ. ಬೆಳಿಗ್ಗೆ ಎದ್ದು ಮುಂದಿನ ಕೋಣೆಗೆ ಬರ್ತೀನಿ, ಕೂರ್ತೀನಿ, ಏಳ್ತೀನಿ, ಕಿಟಕಿ ತೆಗೀತೀನಿ, ಬೀದಿಯಲ್ಲಿ ಯಾರೂ ಇಲ್ಲ ಅಂತ ಮುಚ್ತೀನಿ, ಯಾರಾದ್ರೂ ಬಂದಿರಬಹುದು ಅಂತ ಮತ್ತೆ ತೆಗೀತೀನಿ. ನಿಮ್ಮಮ್ಮ ಹೊಲಿಗೆ ಅಂಗಡಿಗೆ ಹೋಗೋ ಮುಂಚೆ ನನ್ನ ಚಪ್ಪಲಿ ಬೀರು ಮೇಲಿಟ್ಟು ಹೋಗ್ತಾಳೆ. ಪ್ಯಾಂಟಿನ ಅಂಚು ಮಡಿಸೋಕೆ ಬಂದ ಗಿರಾಕಿಗಳ ಹತ್ರ ಎಲ್ಲಾ, ನಮ್ಮನೆಯವರು ಕೂತ ಕುರ್ಚಿಗೇ ಸುಸ್ತಾಗಿದೆ ಅಂತ ಹೇಳಿಕೊಂಡು ನಗ್ತಾಳಂತೆ. ನಗಲಿ. ಬದುಕಿಡೀ ದುಡಿದ ಕೈ ಸುಮ್ಮನೆ ತೊಡೆ ಮೇಲಿಟ್ಟುಕೊಂಡು ಕೂತರೆ ಏನಾಗುತ್ತೆ ಅಂತ ಅವಳಿಗೇನು ಗೊತ್ತು? ನನಗೆ ಭಯ ಆಗುತ್ತೆ ಚಿಕ್ಕೀ. ಟೈಲ್ಸ್ ಮೇಸ್ತ್ರಿ ಅನ್ನೋ ಹೆಸರು ಬಿಟ್ಟರೆ ಈ ಬೀದಿಯಲ್ಲಿ ನನಗೆ ಬೇರೆ ಹೆಸರೇ ಇಲ್ಲ.

ಅದಕ್ಕೇ ತಾನೆ ನೀನು ಹೋಗೋ ದಿನ ನಿನ್ನ ಆಟ ನನಗೆ ಒಪ್ಪಿಸಿ ಹೋದದ್ದು. ಅಪ್ಪ ಕುರ್ಚಿ ಬಿಟ್ಟು ಏಳದೆ ಇರಲಿ ಅಂತ. ಟೀವಿಗೆ ಅದೇನೇನೋ ತಂತಿ ಸಿಕ್ಕಿಸಿ, ಗುಂಡಿಗಳಿರೋ ಆ ಡಬ್ಬಿಯನ್ನ ನನ್ನ ಕೈಗೆ ಕೊಟ್ಟು, ಇವಳು ಹದ್ದುಗಣ್ಣಿ, ನನ್ನ ಬಿಲ್ಲುಗಾತಿ, ಜೋಪಾನವಾಗಿ ನೋಡ್ಕೋ ಅಂದೆ. ನಾನೇನು ಮಾಡಬೇಕೇ ಅಂತ ಕೇಳಿದರೆ, ಬೂಟಿನ ದಾರ ಕಟ್ಟಿಕೊಳ್ತಾ ತಲೆ ಎತ್ತದೇನೇ, "ಏನಿಲ್ಲ ಅಪ್ಪಾ, ದಿನಾ ಸ್ವಲ್ಪ ಸ್ವಲ್ಪ ಲೆವೆಲ್ ಮಾಡ್ತಾ ಇರು, ಸಾಕು" ಅಂದೆ. ಆಮೇಲೆ ದೋಣಿಗೆ ಹೊತ್ತಾಯ್ತು ಅಂತ ಓಡಿದೆ. ಈ ಮಾತನ್ನ ನೆನಪಿಟ್ಟುಕೋ. ಮುಂದೆ ಆದದ್ದಕ್ಕೆಲ್ಲ ಅರ್ಧ ಹೊಣೆ ನಿನ್ನದೂ ಇದೆ.

ಮೊದಮೊದಲು ನಿನ್ನ ಹದ್ದುಗಣ್ಣಿ ಗೋಡೆಗೆ ಮುಖ ಮಾಡಿಕೊಂಡೇ ನಡೀತಿದ್ದಳು. ಎಡಕ್ಕೆ ಅಂದರೆ ಬಲಕ್ಕೆ ಹೋಗ್ತಾಳೆ, ನಿಲ್ಲು ಅಂದರೆ ಹಾರ್ತಾಳೆ. ಒಂದು ಸಲ ಊರ ಬಾವಿಯೊಳಗೇ ಹಾರಿಬಿಟ್ಟಳು. ಅವಳನ್ನ ಹೊರಗೆ ತೆಗೆಯೋ ಅಷ್ಟರಲ್ಲಿ ನಿಮ್ಮಮ್ಮನ ಟೀ ಆರಿ ತಣ್ಣಗಾಗಿತ್ತು. ಕೈ ಕುದುರಿದ ಮೇಲೆ, ಊರಾಚೆಯ ಹೊಲದಲ್ಲಿ ಇಲಿ ಹೊಡೆಯೋದು ಕಲಿತೆ. ಹೊಡೆದಷ್ಟೂ ಅನುಭವ ಸೇರುತ್ತೆ, ಅನುಭವ ತುಂಬಿದರೆ ಲೆವೆಲ್ ಏರುತ್ತೆ ಅಂತ ಪರದೆ ಮೇಲೆ ಬರೆದಿತ್ತಲ್ಲ, ಸರಿ, ಕೆಲಸ ಅಂದರೆ ಕೆಲಸ ಅಂತ ಬೆಳಿಗ್ಗೆ ಕೂತವನು ಸಾಯಂಕಾಲದವರೆಗೆ ಇಲಿ ಹೊಡೆದೆ. ಹೊಡೆದೂ ಹೊಡೆದೂ ಹೆಬ್ಬೆರಳು ಊದಿಕೊಂಡಿತು. ಲೆವೆಲ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇಷ್ಟು ದುಡಿದರೂ ಕೂಲಿ ಕೊಡದ ಯಜಮಾನನನ್ನ ನಾನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ.

ಆಗಲೇ ಬೇಕರಿಯಮ್ಮ ಸಿಕ್ಕಿದ್ದು. ನಿನ್ನ ಜೊತೆ ಆಡೋ ಗೆಳತಿ, ಆಟದಲ್ಲಿ ದೊಡ್ಡ ಗುರಾಣಿ ಹಿಡಿದ ರಾಕ್ಷಸಿ, ನಿಜದಲ್ಲಿ ಮುಂಜಾನೆಗೆಲ್ಲ ಬ್ರೆಡ್ ಸುಟ್ಟು ಮುಗಿಸಿ ಮಧ್ಯಾಹ್ನ ಆಟಕ್ಕೆ ಕೂರೋಳು. ಹದ್ದುಗಣ್ಣಿ ಇಲಿ ಹೊಲದಲ್ಲಿ ನಿಂತಿರೋದನ್ನ ನೋಡಿ, ಇಷ್ಟು ಮೇಲಿನ ಬಿಲ್ಲುಗಾತಿ ಇಲ್ಲೇನು ಮಾಡ್ತಿದ್ದಾಳೆ ಅಂತ ಅವಳಿಗೆ ಆಶ್ಚರ್ಯ. ಹೆಡ್‌ಫೋನಿನಲ್ಲಿ ಹಲೋ ಅಂದಳು. ನಾನು ಯಾರೋ ಬಾಗಿಲಲ್ಲಿ ಕರೆದರು ಅಂತ ಎದ್ದು ಹೋಗಿ, ತಂತಿ ಕಾಲಿಗೆ ಸಿಕ್ಕಿ, ದೇವರ ದಯೆ, ಬೀಳಲಿಲ್ಲ. ನಾನು ಚಿಕ್ಕಿಯ ಅಪ್ಪ ಅಂತ ಹೇಳಿಕೊಂಡೆ. ಅವತ್ತಿನಿಂದ ಅವಳೂ ಅಪ್ಪಾ ಅಂತಲೇ ಕರೀತಾಳೆ. ಬಸ್ ಓಡಿಸೋ ಆ ನಿನ್ನ ಡ್ರೈವರ್ ಗೆಳೆಯ, ಆಟದಲ್ಲಿ ಬೆಂಕಿ ಎಸೆಯೋ ಮಂತ್ರವಾದಿ, ಅವನೂ ಅಷ್ಟೇ. ಡ್ಯೂಟಿ ಮುಗಿಸಿ ಬಂದವನು ಮೊದಲು ನನ್ನ ಕಾಲು ಹೇಗಿದೆ ಅಂತ ಕೇಳಿಯೇ ಬೆಂಕಿ ಎಸೆಯೋಕೆ ಶುರು ಮಾಡೋದು. ಒಳ್ಳೆ ಮಕ್ಕಳು. ಇವಳಿಗೆ ಗೆಳೆಯರೇ ಇಲ್ಲ, ಸದಾ ಟೀವಿ ಮುಂದೆ ಒಬ್ಬಳೇ ಕೂತಿರ್ತಾಳೆ ಅಂತ ಎಷ್ಟು ಸಲ ನಿಮ್ಮಮ್ಮನ ಹತ್ರ ಗೊಣಗಿದ್ದೀನೋ.

ಇಲಿಯಿಂದ ಇನ್ನು ನಿಮಗೆ ಏನೂ ಸಿಗಲ್ಲ ಅಪ್ಪಾ ಅಂತ ಬೇಕರಿಯಮ್ಮ ತಿಳಿಸಿ ಹೇಳಿದಳು. ನಮಗಿಂತ ಕೆಳಗಿನದನ್ನ ಎಷ್ಟು ಹೊಡೆದರೂ ಅನುಭವ ಅಂತ ಆಟ ಒಪ್ಪಲ್ಲವಂತೆ. ನಮಗಿಂತ ಒಂದು ಕೈ ಮೇಲಿರೋದರ ಮೇಲೆ, ಅದೂ ಜೊತೆಯವರೊಂದಿಗೆ, ಹೋಗಬೇಕಂತೆ. ಊರಿನವರು ಹೇಳೋ ಕೆಲಸ, ಕಳೆದ ಉಂಗುರ ಹುಡುಕೋದು, ಔಷಧಿ ತಲುಪಿಸೋದು, ಇಂಥವನ್ನ ಮಾಡಿಕೊಟ್ಟರೆ ಇಲಿಗಿಂತ ಬೇಗ ಏರುತ್ತಂತೆ. ಚೀಲದ ತುಂಬ ಔಷಧಿ ಸೀಸೆ ಕೂಡಿಟ್ಟುಕೊಂಡು ಸಾಯೋದಕ್ಕಿಂತ ಕುಡಿದು ಬದುಕಿ ಅಂತ ಬೈದಳು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಸಿಟ್ಟು ಬಂದದ್ದು ಕೊನೆಯ ಪಾಠಕ್ಕೆ. ಹದ್ದುಗಣ್ಣಿಯನ್ನ ಛತ್ರದ ಹಾಸಿಗೆಯಲ್ಲಿ ಮಲಗಿಸಿ ಟೀವಿ ಆರಿಸಿ ಹೋಗಬೇಕಂತೆ. ಅವಳು ವಿಶ್ರಾಂತಿ ತಗೊಂಡಷ್ಟೂ ಆಮೇಲೆ ಒಂದೊಂದು ಕೆಲಸಕ್ಕೂ ದುಪ್ಪಟ್ಟು ಅನುಭವ ಸಿಗುತ್ತಂತೆ. ಇದನ್ನ ನಿಮ್ಮಮ್ಮ ಕೇಳಿಸಿಕೊಂಡುಬಿಟ್ಟಳು. ಅವತ್ತಿನಿಂದ ನಾನು ಕುರ್ಚಿಯಿಂದ ಎದ್ದರೆ ಸಾಕು, ದುಪ್ಪಟ್ಟು ಹೋಯ್ತು ನೋಡಿ ಅಂತಾಳೆ.

ಇನ್ನು ನಿನ್ನ ಲೆವೆಲ್ ವಿಚಾರಕ್ಕೆ ಬರ್ತೀನಿ. ಬೇಕರಿಯಮ್ಮ ಹೇಳಿದ ಹಾಗೆ ಮಾಡಿದ ಮೇಲೆ ಲೆವೆಲ್ ಏರೋಕೆ ಶುರುವಾಯ್ತು. ಪ್ರತಿ ಸಲ ಏರಿದಾಗಲೂ ಆಟ ಒಂದಿಷ್ಟು ಅಂಕ ಕೈಗೆ ಕೊಟ್ಟು, ಎಲ್ಲಿಗೆ ಹಾಕ್ತೀಯ ಅಂತ ಕೇಳುತ್ತೆ. ಬಲ, ಚುರುಕು, ತಾಳಿಕೆ, ಬುದ್ಧಿ, ನೋಟ ಅಂತ ಒಂದೊಂದಕ್ಕೂ ಒಂದೊಂದು ಪಟ್ಟಿ, ಅಂಕ ಹಾಕಿದಷ್ಟೂ ಮೇಲೇರುತ್ತೆ. ನಿನ್ನ ಹದ್ದುಗಣ್ಣಿಯ ಪಟ್ಟಿಗಳನ್ನ ಮೊದಲ ಸಲ ತೆರೆದು ನೋಡಿ ನನ್ನ ತಲೆ ತಿರುಗಿತು. ನೋಟ ಮಾಳಿಗೆ ಮುಟ್ಟಿದೆ, ಚುರುಕು ಅದರ ಹೆಗಲಿಗಿದೆ, ಬಲ ಅನ್ನೋದು ನೆಲ ಬಿಟ್ಟು ಎದ್ದೇ ಇಲ್ಲ. ನನ್ನ ಕೈಯಲ್ಲಿ ಕೆಲಸ ಕಲಿತ ಹುಡುಗಿ ಇಷ್ಟು ಏರುಪೇರು ಬಿಟ್ಟು ಹೋಗಿದ್ದಾಳಲ್ಲ ಅಂತ ನಾಚಿಕೆ ಆಯ್ತು. ಅದಕ್ಕೇ ಲೆವೆಲ್ ಮಾಡು ಅಂದಿದ್ದಾಳೆ, ಅವಸರದಲ್ಲಿ ಅವಳಿಗೆ ಆಗಿಲ್ಲ ಅಂದುಕೊಂಡೆ. ಬದುಕಿಡೀ ನೆಲ ಲೆವೆಲ್ ಮಾಡಿದವನಿಗೆ ಇನ್ನೇನು ಹೊಳೀಬೇಕು ನೀನೇ ಹೇಳು. ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಲ್ಲೋವರೆಗೂ ಮುಂದಿನ ಕಲ್ಲು ಮುಟ್ಟಬೇಡ ಅಂತ ನಿನಗೂ ಕಲಿಸಿದವನು ನಾನೇ. ಬಂದ ಅಂಕ ಬಂದ ಹಾಗೆ ಬಲಕ್ಕೆ ಹಾಕಿದೆ, ತಾಳಿಕೆಗೆ ಹಾಕಿದೆ, ತಗ್ಗಿದ್ದಲ್ಲೆಲ್ಲ ತುಂಬಿದೆ. ಕೊನೆಗೆ ಪಟ್ಟಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಸಾಲಿಗೆ ಬಂದು ನಿಂತಾಗ, ಏನು ಖುಷಿ ಅಂತೀಯ, ನಿಮ್ಮಮ್ಮನನ್ನ ಅಡಿಗೆಮನೆಯಿಂದ ಕರೆದು ತೋರಿಸಿದೆ. ಚೆನ್ನಾಗಿದೆ ಅಂದಳು. ಅವಳಿಗೂ ಅಂಚು ನೆಟ್ಟಗಿದ್ದರೆ ಸಾಕು.

ಆ ಸಂಭ್ರಮದಲ್ಲೇ ನಾನು, ಬೇಕರಿಯಮ್ಮ, ಡ್ರೈವರು ಮೂವರೂ ಕಣಿವೆಯ ಹೆಬ್ಬಾಗಿಲಿಗೆ ಹೋದ್ವಿ. ಅಲ್ಲೊಂದು ರೆಕ್ಕೆಯ ಹಾವು ಇದೆಯಲ್ಲ, ನೀವೆಲ್ಲ ಎಷ್ಟೋ ಕಾಲದಿಂದ ಹೊಡೀಬೇಕು ಅಂತ ಹೊಂಚು ಹಾಕ್ತಿದ್ರಂತೆ. ಬೇಕರಿಯಮ್ಮ ಗುರಾಣಿ ಊರಿ ನಿಂತಳು. ಡ್ರೈವರು ಬೆಂಕಿ ಎಸೆದ. ದೂರದಿಂದ ಹಾವಿನ ಗಂಟಲಿಗೆ ಬಾಣ ಬಿಡೋದಷ್ಟೇ ಹದ್ದುಗಣ್ಣಿ ಕೆಲಸ. ಬಿಟ್ಟೆ. ಬಂಡೆಗೆ ಹೋಯ್ತು. ಇನ್ನೊಂದು ಬಿಟ್ಟೆ, ಅದು ಎಲ್ಲಿಗೆ ಹೋಯ್ತೋ ಬಾಣಕ್ಕೇ ಗೊತ್ತು. ಮೂರನೆಯದು ಬೇಕರಿಯಮ್ಮನ ಬೆನ್ನಿಗೆ ಬಿತ್ತು. ಹಾವು ನಮ್ಮನ್ನೆಲ್ಲ ಒಂದೇ ಬೀಸಿಗೆ ಗುಡಿಸಿ ಹಾಕಿತು. ಆಮೇಲೆ ಡ್ರೈವರು ಮೆಲ್ಲಗೆ, ಅಪ್ಪಾ, ಸ್ವಲ್ಪ ನಿಮ್ಮ ಪಟ್ಟಿ ತೆಗೆದು ತೋರಿಸ್ತೀರಾ ಅಂದ. ತೋರಿಸಿದೆ. ಬೇಕರಿಯಮ್ಮ ನಕ್ಕಳು ನೋಡು, ನಕ್ಕೂ ನಕ್ಕೂ ಕೆಮ್ಮು ಬಂತು ಅವಳಿಗೆ.

ನಗು ನಿಂತ ಮೇಲೆ ಅವಳು ಹೇಳಿದ್ದನ್ನ ಹಾಗೇ ಬರೀತೀನಿ. "ಎಲ್ಲಾ ಬರೋ ಬಿಲ್ಲುಗಾತಿ ಯಾರಿಗೂ ಬೇಡ ಅಪ್ಪಾ. ಪೆಟ್ಟು ತಿನ್ನೋಕೆ ನಾನಿದ್ದೀನಿ, ಅವಳು ದೂರದ್ದು ನೋಡಿದರೆ ಸಾಕು." ಅಂಕಗಳನ್ನ ಹೀಗೆ ಎಲ್ಲಾ ಕಡೆ ಹಂಚಿದರೆ ಹದ್ದುಗಣ್ಣಿ ಲೆವೆಲ್ ಏರಿದ ಹಾಗೆ ಕಾಣ್ತಾಳೆ, ಆದರೆ ಯಾವುದಕ್ಕೂ ಆಗಿಬರಲ್ಲ, ನಾವು ಏರಿದ ಹಾಗೆ ಆ ಹಾವಿನಂಥವೂ ಏರ್ತಾವೆ, ನೋಟ ನಿಂತಲ್ಲೇ ನಿಂತರೆ ಗುರಿ ತಪ್ಪುತ್ತೆ ಅಂತ ವಿವರಿಸಿದಳು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳೀಲಿಲ್ಲ. ಅಷ್ಟು ವರ್ಷದಿಂದ ನೀನು ಬೆಳೆಸಿದ್ದನ್ನ ನಾನು ಕುರ್ಚಿಯಲ್ಲಿ ಕೂತು ಕೆಡಿಸಿಟ್ಟೆ. ಬಿಚ್ಚಿ ಮತ್ತೆ ಕೂರಿಸೋಕೆ ಇದೇನು ಟೈಲ್ಸಾ? ಆದರೆ ಅದಕ್ಕೂ ಒಂದು ದಾರಿ ಇದೆಯಂತೆ. ಹಿಮದ ಬೆಟ್ಟದಾಚೆ ಒಬ್ಬಳು ಸನ್ಯಾಸಿನಿ ಇದ್ದಾಳೆ, ಅವಳ ಹತ್ರ ಮರೆವಿನ ನೀರು ಅಂತ ಸಿಗುತ್ತೆ, ಕುಡಿದರೆ ಹಾಕಿದ ಅಂಕವೆಲ್ಲ ವಾಪಸ್ ಕೈಗೆ ಬರುತ್ತೆ, ಹೊಸದಾಗಿ ಹಾಕಬಹುದು. ಜನ್ಮಕ್ಕೆ ಒಂದೇ ಸಲ. ಹೋಗೋಣ ನಡೀರಿ ಅಂದೆ. ಡ್ರೈವರಿಗೆ ಡ್ಯೂಟಿ ಇತ್ತು, ನಾನೂ ಬೇಕರಿಯಮ್ಮನೂ ಹೊರಟ್ವಿ.

ಚಿಕ್ಕೀ, ಈ ಮುಂದಿನದನ್ನ ಬರೆಯೋಕೆ ಮುಂಚೆ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿ ಬಂದೆ. ಬೆಟ್ಟದ ದಾರಿ ಉದ್ದ, ಹಗಲಲ್ಲಿ ಮೃಗಗಳೂ ಇಲ್ಲ, ಬರೀ ನಡಿಗೆ. ನಡೀತಾ ಅದೂ ಇದೂ ಮಾತಾಡ್ತಿದ್ವಿ. ನಾನು ಶಾಲೆ ಪಡಸಾಲೆ ವಿಷಯ ಹೇಳ್ತಿದ್ದೆ, ಮಗಳು ಬಂದ ತಕ್ಷಣ ಶುರು ಮಾಡ್ತೀವಿ, ಅವಳು ಕಟರ್ ಹಿಡಿದರೆ ಕೂದಲೆಳೆಯಷ್ಟೂ ಆಚೀಚೆ ಹೋಗಲ್ಲ ಅಂತ ಜಂಬ ಕೊಚ್ಚಿಕೊಳ್ತಿದ್ದೆ. ಬೇಕರಿಯಮ್ಮ ಹೌದಾ ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಹಾಗಾದ್ರೆ ಅವಳು ನಿಮಗಿನ್ನೂ ಹೇಳಿಲ್ವಾ?" ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಿರಬೇಕು, ಅವಳ ರಾಕ್ಷಸಿ ದಾರಿ ನಡುವೆ ನಿಂತುಬಿಟ್ಟಳು. ನಾನು ಬಿಡ್ತೀನಾ? ಕೆದಕಿ ಕೆದಕಿ ಕೇಳಿದೆ. ಅವಳ ತಪ್ಪೇನೂ ಇಲ್ಲ, ಅವಳ ಮೇಲೆ ಸಿಟ್ಟಾಗಬೇಡ. ನೀನು ಹೋಗೋ ಮುಂಚೆಯೇ ಅವಳಿಗೂ ಡ್ರೈವರಿಗೂ ಹೇಳಿದ್ದೆಯಂತೆ. ನನ್ನ ಕೆಲಸ ಅಲ್ಲಿನವರಿಗೆ ಹಿಡಿಸಿದರೆ ಕಾಯಂ ಮಾಡ್ತಾರೆ, ಮಾಡಿದರೆ ಅಲ್ಲೇ ಉಳೀತೀನಿ, ನನಗೆ ಬೇಕಾದ್ದು ಅದೊಂದೇ, ಆದರೆ ಅಪ್ಪನಿಗೆ ಯಾವ ಬಾಯಲ್ಲಿ ಹೇಳಲಿ ಅಂತ. ಈಗ ಹಿರಿಯಕ್ಕ ಕೇಳೂ ಕೇಳಿದ್ದಾರೆ, ನೀನು ಉತ್ತರ ಕೊಡದೆ ಮುಂದಕ್ಕೆ ಹಾಕ್ತಾ ಇದ್ದೀಯ ಅಂತ ಅವಳಿಗೆ ಬರೆದ ಕಾಗದದಲ್ಲಿ ಇದೆಯಂತೆ. ಅವಳಿಗೆ ಬರೆದ ಕಾಗದದಲ್ಲಿ! ನನಗೆ ಬರೆದದ್ದರಲ್ಲಿ ಹಕ್ಕಿ.

ನಾನು ಹೆಡ್‌ಫೋನ್ ಕಿತ್ತಿಟ್ಟೆ. ಹದ್ದುಗಣ್ಣಿ ಹಿಮದಲ್ಲಿ ಹಾಗೇ ನಿಂತಿದ್ದಳು, ನಿಂತಿರಲಿ ಅಂದುಕೊಂಡೆ. ಸಿಟ್ಟು ನೆತ್ತಿಗೇರಿತ್ತು. ಯಾರೋ ಬ್ರೆಡ್ ಸುಡೋ ಹುಡುಗಿಗೆ, ಯಾರೋ ಬಸ್ಸಿನವನಿಗೆ ಗೊತ್ತಿರೋದು ಹೆತ್ತ ಅಪ್ಪನಿಗೆ ಗೊತ್ತಿಲ್ಲ. ಕಿಟಕಿ ತೆಗೆದೆ, ಮುಚ್ಚಿದೆ. ಕುರ್ಚಿ ಮೇಲೆ ಹತ್ತಿ ಬೀರು ಮೇಲಿನ ಚಪ್ಪಲಿ ಇಳಿಸಿಕೊಂಡೆ, ಹೌದು, ಕುರ್ಚಿ ಹತ್ತಿದೆ, ಈಗ ಬೈದು ಏನೂ ಪ್ರಯೋಜನವಿಲ್ಲ. ಶಾಲೆಗೆ ಹೋಗಿ ನಾನೇ ಮಂಡಿ ಊರ್ತೀನಿ, ಕಾಲು ಮುರಿದರೆ ಮುರೀಲಿ, ಯಾರ ಹಂಗೂ ಬೇಡ ಅಂತ ಬಾಗಿಲು ತೆಗೆದು ಮೆಟ್ಟಿಲವರೆಗೆ ಹೋದೆ. ಮೊದಲ ಮೆಟ್ಟಿಲು ಇಳಿಯೋ ಹೊತ್ತಿಗೆ ಕಾಲು ಹೇಳಿತು, ಆಗಲ್ಲ ಅಂತ. ಅಲ್ಲೇ ಕೂತೆ. ನಿಮ್ಮಮ್ಮ ಅಂಗಡಿಯಿಂದ ಬಂದಾಗಲೂ ಅಲ್ಲೇ ಕೂತಿದ್ದೆ. ಅವಳೂ ಪಕ್ಕದಲ್ಲಿ ಕೂತಳು. ನಾನೇ ಎಲ್ಲ ಹೇಳಿದೆ. ಮಗಳು ಕಾಗದದ ತುಂಬ ಮೋಡ ಬರೆದಾಗಲೇ ನನಗೆ ಅನ್ನಿಸಿತ್ತು ಅಂದಳು. ನಿಮಗೆ ಹೇಳಿದ್ದರೆ ನೀವು ಆವತ್ತೇ ಚಪ್ಪಲಿ ಇಳಿಸ್ತಿದ್ರಿ ಅಂತಲೂ ಅಂದಳು.

ಎರಡು ದಿನ ಆಟ ಮುಟ್ಟಲಿಲ್ಲ, ಮುಖ ಊದಿಸಿಕೊಂಡು ಕೂತೆ. ಮನಸ್ಸಿನಲ್ಲೇ ನಿನಗೆ ಬಾಯಿಗೆ ಬಂದ ಹಾಗೆ ಬೈದೆ. ಬೈದು ಬೈದು ಸುಸ್ತಾದಾಗ ಬೇರೇನೋ ನೆನಪಾಗ್ತಿತ್ತು. ನೀನು ಟೈಲ್ಸ್ ಕತ್ತರಿಸ್ತಾ ಕತ್ತರಿಸ್ತಾ ಮಧ್ಯದಲ್ಲಿ ತಲೆ ಎತ್ತಿ ಕಿಟಕಿಯಾಚೆ ನೋಡೋದು. ಮೈಯೆಲ್ಲ ಬಿಳೀ ಧೂಳು, ಕಣ್ಣು ಮಾತ್ರ ಆಕಾಶದಲ್ಲಿ. ಗಮನ ಎಲ್ಲಿದೆಯೇ ಅಂತ ನಾನು ರೇಗೋದು, ನೀನು "ಮಳೆ ಬರುತ್ತೆ ಅಪ್ಪಾ, ಸಿಮೆಂಟು ಒಳಗಿಡು" ಅನ್ನೋದು. ಒಂದು ಮೋಡ ಇಲ್ಲದ ದಿನವೂ ಅನ್ನೋದು. ಒಂದು ಸಲವೂ ನಿನ್ನ ಮಾತು ಸುಳ್ಳಾಗಿಲ್ಲ. ನಾನು ಸಿಮೆಂಟು ಒಳಗಿಡ್ತಿದ್ದೆ, ಮತ್ತೆ ಕೆಲಸ ಮಾಡು ಅಂತಿದ್ದೆ.

ನಿನ್ನೆ ಸಾಯಂಕಾಲ ಮತ್ತೆ ಕೂತೆ. ಬೇಕರಿಯಮ್ಮ ಪಾಪ ಅದೇ ಹಿಮದ ದಾರಿಯಲ್ಲಿ ಕಾಯ್ತಿದ್ದಳು. ಅಲ್ಲಿ ಒಬ್ಬಳನ್ನೇ ಬಿಟ್ಟರೆ ರಾತ್ರಿ ಬರೋ ತೋಳಗಳು ಹದ್ದುಗಣ್ಣಿಯನ್ನ ತಿಂದು ಹಾಕ್ತಾವೆ ಅಂತ ಬಿಡುವಾದಾಗಲೆಲ್ಲ ಬಂದು ಕಾವಲು ನಿಂತಿದ್ದಳಂತೆ. ಕ್ಷಮಿಸಿ ಅಪ್ಪಾ ಅಂದಳು. ಏನೂ ಆಗಿಲ್ಲ ನಡಿ ಅಂದೆ. ಸನ್ಯಾಸಿನಿ ನೀರು ಕೊಟ್ಟಳು, ಹದ್ದುಗಣ್ಣಿ ಕುಡಿದಳು. ಪಟ್ಟಿಗಳೆಲ್ಲ ಖಾಲಿ, ಅಂಕವೆಲ್ಲ ನನ್ನ ಕೈಲಿ. ನಿಜ ಹೇಳ್ತೀನಿ, ಆಗ ನನಗೆ ಮತ್ತೆ ಸಿಟ್ಟು ಉಕ್ಕಿತು. ಅಷ್ಟನ್ನೂ ಎತ್ತಿ ಬಲಕ್ಕೆ ಹಾಕಿದೆ. ಎಲ್ಲಾ. ನೋಟಕ್ಕೆ ಸೊನ್ನೆ. ಪರದೆ ಮೇಲೆ ಅವಳ ತೋಳು ನನ್ನ ತೋಳಿನ ಹಾಗೆ ದಪ್ಪಗಾಯ್ತು, ಬೆನ್ನ ಮೇಲಿನ ಬಿಲ್ಲು ಮಕ್ಕಳ ಆಟಿಕೆ ಥರ ಕಾಣ್ತಿತ್ತು. ಇದು ಖಚಿತವೇ ಅಂತ ಆಟ ಕೇಳಿತು. ಹೂಂ ಅನ್ನೋ ಗುಂಡಿ ಮೇಲೆ ಹೆಬ್ಬೆರಳಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ.

ಇಲ್ಲ ಅಂತ ಒತ್ತಿದೆ. ಒಂದೊಂದಾಗಿ ಬಲದಿಂದ ತೆಗೆದು ನೋಟಕ್ಕೆ ಹಾಕಿದೆ. ಪಟ್ಟಿ ಏರ್ತಾ ಹೋದ ಹಾಗೆ ಆಟದ ಬೆಟ್ಟಸಾಲು ದೂರ ದೂರದವರೆಗೆ ತಿಳಿಯಾಗ್ತಾ ಹೋಯ್ತು, ಮಂಜಿನಲ್ಲಿ ಕಾಣದಿದ್ದ ಊರುಗಳ ದೀಪ ಕಂಡವು, ಆಚೆಗೊಂದು ಸಮುದ್ರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ ಚಿಕ್ಕೀ. ಉಳಿದದ್ದನ್ನ ಚುರುಕಿಗೆ ಹಾಕಿ ಹೂಂ ಅಂದೆ. ಆಮೇಲೆ ಡ್ರೈವರೂ ಸೇರಿಕೊಂಡ, ಮೂವರೂ ಕಣಿವೆಗೆ ಹೋದ್ವಿ. ಬೇಕರಿಯಮ್ಮ ಗುರಾಣಿ ಊರಿದಳು. ನಾನು ಗುಡ್ಡದ ತುದಿಯಲ್ಲಿ ನಿಂತು ಬಾಣ ಬಿಟ್ಟೆ, ಹಾವಿನ ಗಂಟಲಿಗೇ ನಾಟಿತು, ಹಾವು ಉರುಳಿಬಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ಒಟ್ಟಿನಲ್ಲಿ ನಿನ್ನ ಹದ್ದುಗಣ್ಣಿ ಈಗ ಛತ್ರದಲ್ಲಿ ಮಲಗಿದ್ದಾಳೆ, ನೀನು ಬಿಟ್ಟುಹೋದದ್ದಕ್ಕಿಂತ ಮೇಲಿದ್ದಾಳೆ, ನೀನು ಬೇಕಾದರೆ ಬೈಯಿ, ಬಲಕ್ಕೆ ನಾನು ಒಂದೇ ಒಂದು ಅಂಕ ಇಟ್ಟಿದ್ದೀನಿ. ಬಿಲ್ಲನ್ನಾದರೂ ಹಿಡೀಬೇಕಲ್ಲ.

ಇನ್ನು ಉಳಿದದ್ದು ನಿನ್ನ ವಿಚಾರ. ಅಲ್ಲಿಯ ಕೆಲಸ ಒಪ್ಪಿಕೊಳ್ಳೋದೋ, ಇಲ್ಲಿಗೆ ಬರೋದೋ, ನೀನು ದೊಡ್ಡವಳಾಗಿದ್ದೀಯ, ನಾನು ಹೇಳೋದೇನಿದೆ. ಹೆಡ್‌ಮಾಸ್ಟರು ಕಾಯ್ತಿದ್ದಾರೆ, ಅದು ನಿನಗೂ ಗೊತ್ತು. ಪಡಸಾಲೆಗೆ ಟೈಲ್ಸ್ ಬಂದು ಪೆಟ್ಟಿಗೆಯಲ್ಲೇ ಕೂತಿವೆ. ನಾನೂ ಕೂತಿದ್ದೀನಿ. ನಿನ್ನಿಷ್ಟ.

ಮೈ ಬೆಚ್ಚಗಿಟ್ಟುಕೋ. ಬಂಡೆ ಮೇಲೆ ಓಡಾಡೋವಾಗ ಕಾಲ ಕೆಳಗೆ ನೋಡಿಕೊಂಡು ನಡಿ, ಮೇಲೆ ನೋಡಿಕೊಂಡು ಅಲ್ಲ. ಹಿರಿಯಕ್ಕನಿಗೆ ನನ್ನ ನಮಸ್ಕಾರ ತಿಳಿಸು, ಸೀನು ಕಡಿಮೆ ಆಗಲಿ ಅಂತ ಹಾರೈಸಿದೆ ಅನ್ನು. ನೂರ್ಕಾಲ ಸುಖವಾಗಿ ಬಾಳು ತಾಯಿ.

ನಿನ್ನ
ಅಪ್ಪ

ತಾಜಾ ಕಲಂ: ಗುರುವಾರ ಬೆಳಿಗ್ಗೆ. ಅವಸರದಲ್ಲಿ ಬರೀತಿದ್ದೀನಿ, ದೋಣಿ ಹೊರಡೋ ಹೊತ್ತಾಯ್ತು, ನಿಮ್ಮಮ್ಮ ಕಾಗದ ತಲುಪಿಸೋಕೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ. ಲಕೋಟೆ ಅಂಟಿಸೋ ಮುಂಚೆ ಅವಳು ಓದಿದಳು. ಎಲ್ಲಾ ಓದಿ, ಆ ಒಂದು ಮಾತಿನ ಮೇಲೆ ಬೆರಳಿಟ್ಟು, "ಈ ಮನೆಯಲ್ಲಿ ನೀವು ನಿನ್ನಿಷ್ಟ ಅಂದಾಗ ಯಾರಾದ್ರೂ ಅವರಿಷ್ಟದ ಹಾಗೆ ಮಾಡಿದ್ದಾರಾ? ಇದನ್ನ ಓದಿದರೆ ಅವಳು ಇದೇ ದೋಣಿ ಹತ್ತಿ ವಾಪಸ್ ಬರ್ತಾಳೆ" ಅಂದಳು. ನಿಜ. ಅಂದರೆ ನಾನು ಹಾಗೆ ಬರೆದದ್ದೂ ಅದಕ್ಕೇ ಇರಬೇಕು. ಅದಕ್ಕೇ ಈಗ ಬಿಡಿಸಿ ಬರೀತೀನಿ. ಹೆಡ್‌ಮಾಸ್ಟರಿಗೆ ಈಗ ತಾನೇ ಫೋನ್ ಮಾಡಿ ಹೇಳಿದೆ, ಮಗಳು ಬರಲ್ಲ, ಅವಳಿಗೆ ಬೇರೆ ಕೆಲಸ ಸಿಕ್ಕಿದೆ, ಬೇರೆಯವರನ್ನ ನೋಡಿಕೊಳ್ಳಿ ಅಂತ. ಅವರು ಏನೋ ಅಂದರು, ಪೂರ್ತಿ ಕೇಳದೇನೇ ಫೋನ್ ಇಟ್ಟುಬಿಟ್ಟೆ. ಹಿರಿಯಕ್ಕನಿಗೆ ಇವತ್ತೇ ಹೂಂ ಅನ್ನು. ರಜೆ ಸಿಕ್ಕಾಗ ಬಾ, ಮನೆಗೆ ಬಾ, ಕೆಲಸಕ್ಕೆ ಬರಬೇಡ. ನನಗೆ ನಿನ್ನ ಮಂಡಿ ಬೇಡ ಮಗಳೇ. ನನ್ನ ಬುದ್ಧಿ ನಿನಗೆ ಗೊತ್ತು, ಮುಂದಿನ ವಾರ ಕೂತಲ್ಲಿ ಕೂರಲಾರದೆ ಬಾ ಅಂತ ಇನ್ನೊಂದು ಕಾಗದ ಬರೆದರೂ ಬರೆದೆ. ಬರೆದರೂ ಬರಬೇಡ.